ಓದುಗರ ಪ್ರಶ್ನೆ, ನಮ್ಮ ಉತ್ತರ: ಮೊಬೈಲಿನಲ್ಲಿ ಕಲಿತ ಭಾಷೆ ಬಾಯಿಗೆ ಬರುವುದು ಹೇಗೆ?

ಪರದೇಶದ ಭಾಷೆಯೊಂದನ್ನು ಮೊಬೈಲ್ ಅಥವಾ ಕಂಪ್ಯೂಟರಿನ ಸಹಾಯದಿಂದ ತಾವೇ ಕಲಿಯಲು ಹೊರಟವರಿಂದ ಈ ಅಂಕಣಕ್ಕೆ ಇತ್ತೀಚೆಗೆ ಸಾಕಷ್ಟು ಪತ್ರಗಳು ಬಂದಿವೆ. ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಿಂದ ಬಂದವುಗಳಲ್ಲಿ ಐದನ್ನು ಆರಿಸಿ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ. ಬರೆದವರ ಇಚ್ಛೆಯಂತೆ ಹೆಸರುಗಳನ್ನು ಬಿಟ್ಟಿದ್ದೇವೆ. ಉದ್ದದ ಪತ್ರಗಳನ್ನು ಸಂಕ್ಷೇಪಿಸಿ ಕೊಟ್ಟಿದ್ದೇವೆ.

ಪ್ರಶ್ನೆ: ನಾನು ಬಿ.ಎಸ್‌ಸಿ. ನರ್ಸಿಂಗ್ ಮುಗಿಸಿ ಬೆಳಗಾವಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಜರ್ಮನಿಗೆ ಹೋಗಿ ನರ್ಸ್ ಆಗಬೇಕೆಂಬ ಆಸೆಯಿಂದ ಹೆಸರುವಾಸಿಯಾದ ಒಂದು ಆ್ಯಪ್‌ನಲ್ಲಿ ಒಂದು ವರ್ಷದಿಂದ ದಿನ ತಪ್ಪಿಸದೆ ಜರ್ಮನ್ ಕಲಿಯುತ್ತಿದ್ದೇನೆ. ಪರದೆಯ ಮೇಲೆ ಬರುವ ಪ್ರಶ್ನೆಗಳಲ್ಲಿ ನಾನು ತಪ್ಪುವುದು ಅಪರೂಪ. ಆದರೆ ಮೊನ್ನೆ ಏಜೆನ್ಸಿಯೊಂದರವರು ಫೋನ್ ಮಾಡಿ, ಜರ್ಮನ್‌ನಲ್ಲಿ ನಿಮ್ಮ ಪರಿಚಯ ಹೇಳಿ ಎಂದಾಗ ಎರಡು ವಾಕ್ಯದ ಮುಂದೆ ಮಾತೇ ಹೊರಡಲಿಲ್ಲ. ಇಷ್ಟು ದಿನ ಕಲಿತದ್ದು ವ್ಯರ್ಥವಾಯಿತೇ? ಕೆಲಸ ಬಿಟ್ಟು ಪುಣೆಗೋ ಬೆಂಗಳೂರಿಗೋ ಹೋಗಿ ಕ್ಲಾಸಿಗೆ ಸೇರಬೇಕೇ?

ಉತ್ತರ: ವ್ಯರ್ಥವಾಗಿಲ್ಲ. ಕೆಲಸವನ್ನೂ ಈಗಲೇ ಬಿಡಬೇಡಿ. ಒಂದು ವರ್ಷ ನೀವು ಅಭ್ಯಾಸ ಮಾಡಿದ್ದು ಕಂಡದ್ದನ್ನು ಗುರುತಿಸುವ ಕೆಲಸವನ್ನು. ಫೋನಿನಲ್ಲಿ ಅವರು ಕೇಳಿದ್ದು ಏನೂ ಕಾಣದಿರುವಾಗ ನೆನಪಿನಿಂದ ತೆಗೆದು ಹೇಳುವ ಕೆಲಸವನ್ನು. ನಾಲ್ಕು ಪದಗಳನ್ನು ಮುಂದಿಟ್ಟು ಸರಿಯಾದದ್ದನ್ನು ಒತ್ತಿರಿ ಎಂದಾಗ ಉತ್ತರ ಕಣ್ಣೆದುರಿಗೇ ಇರುತ್ತದೆ, ಅದನ್ನು ಉಳಿದ ಮೂರರಿಂದ ಬೇರ್ಪಡಿಸಿದರೆ ಸಾಕು. ಮನೆಯಲ್ಲಿ ದಿನವೂ ರೊಟ್ಟಿ ಬಡಿಯುವುದನ್ನು ನೋಡಿದವರಿಗೆಲ್ಲ ರೊಟ್ಟಿ ಬಡಿಯಲು ಬರುವುದಿಲ್ಲವಲ್ಲ, ಹಾಗೆ. ಇದರಲ್ಲಿ ನಿಮ್ಮ ದೋಷವೇನೂ ಇಲ್ಲ. ಕಲಿಯುವವರು ನಾಳೆಯೂ ತಪ್ಪದೆ ಬರಬೇಕು, ಬಸ್ಸಿನಲ್ಲಿ ನಿಂತವರೂ ಬಾಯಿ ತೆರೆಯದೆ ಬೆರಳಿನಲ್ಲೇ ಪಾಠ ಮುಗಿಸುವಂತಿರಬೇಕು ಎಂಬ ಎಣಿಕೆಯಿಂದ ಇಂತಹ ಆ್ಯಪ್‌ಗಳನ್ನು ಕಟ್ಟಿರುತ್ತಾರೆ. ಸ್ಟ್ರೀಕ್ ಎಂಬ ಸತತ ದಿನಗಳ ಲೆಕ್ಕ ಇರುವುದೂ ಆ ಕಾರಣಕ್ಕೇ; ಅದು ಶಿಸ್ತನ್ನು ತೋರಿಸುತ್ತದೆ, ಕಲಿಕೆಯನ್ನು ತೋರಿಸುವುದಿಲ್ಲ.

ನೆನೆದು ಹೇಳುವುದರಿಂದಲೇ ನೆನಪು ಗಟ್ಟಿಯಾಗುತ್ತದೆ ಎಂಬುದಕ್ಕೆ ಆಧಾರವಿದೆ. ಅಮೆರಿಕದ ಸಂಶೋಧಕರಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಬರಹವನ್ನು ಮತ್ತೆ ಮತ್ತೆ ಓದಿದ ವಿದ್ಯಾರ್ಥಿಗಳು ಐದು ನಿಮಿಷದ ಬಳಿಕ ಕೇಳಿದಾಗ ಮುಂದಿದ್ದರು. ಒಂದು ವಾರದ ಬಳಿಕ ಕೇಳಿದಾಗ, ಓದಿದ್ದನ್ನು ನೆನೆದು ಬರೆದವರೇ ಹೆಚ್ಚು ಉಳಿಸಿಕೊಂಡಿದ್ದರು. ಓದಿದ ಕೂಡಲೇ ಎಲ್ಲ ಬಂದಂತೆ ಅನ್ನಿಸುವುದನ್ನು ನಂಬಬಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಗೊತ್ತಿಲ್ಲ.

ಆದ್ದರಿಂದ ಈಗಿರುವ ಆ್ಯಪ್ ಅನ್ನು ಬೇಕಾದರೆ ದಿನಕ್ಕೆ ಹತ್ತು ನಿಮಿಷಕ್ಕೆ ಇಳಿಸಿ, ಉಳಿದ ಸಮಯವನ್ನು ಆ್ಯಂಕಿ ಎಂಬ ಸಾಫ್ಟ್‌ವೇರ್‌ಗೆ ಕೊಡಿ. ಡೇಮಿಯನ್ ಎಲ್ಮ್ಸ್ ಎಂಬುವರು 2006ರಲ್ಲಿ ಹೊರತಂದ ಇದು ಕಂಪ್ಯೂಟರಿನಲ್ಲಿಯೂ ಆಂಡ್ರಾಯ್ಡ್ ಫೋನಿನಲ್ಲಿಯೂ ಉಚಿತ. ಐಫೋನಿನಲ್ಲಿ ಮಾತ್ರ ಹಣ ಕೊಡಬೇಕು. ನೋಡಲು ಇದು ಬಡವಾಗಿದೆ, ಬಣ್ಣವಿಲ್ಲ, ಚಪ್ಪಾಳೆಯಿಲ್ಲ. ಒಂದು ಚೀಟಿಯ ಮುಂದಿನ ಬದಿಯಲ್ಲಿ ಪ್ರಶ್ನೆ, ಹಿಂದಿನ ಬದಿಯಲ್ಲಿ ಉತ್ತರ, ಅಷ್ಟೇ. ನೀವು ಸರಿಯಾಗಿ ಹೇಳಿದ ಚೀಟಿ ನಾಳೆ ಮತ್ತೆ ಬರುತ್ತದೆ, ಆಮೇಲೆ ಸುಮಾರು ಮೂರು ದಿನಕ್ಕೆ, ಆಮೇಲೆ ವಾರಕ್ಕೆ, ಆಮೇಲೆ ಎರಡು ವಾರ ಮೀರಿ. ತಪ್ಪಿದ ಚೀಟಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಮರೆವು ಮೊದಲ ದಿನಗಳಲ್ಲಿ ಬಹಳ ವೇಗವಾಗಿಯೂ ಅನಂತರ ನಿಧಾನವಾಗಿಯೂ ನಡೆಯುತ್ತದೆ ಎಂದು ಜರ್ಮನಿಯವರೇ ಆದ ಹರ್ಮನ್ ಎಬಿಂಗ್‌ಹೌಸ್ 1885ರಲ್ಲಿ ತಮ್ಮ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದರು. ಈ ಅಂತರದ ಲೆಕ್ಕದ ಹಿಂದೆ ಇರುವುದು ಆ ತಿಳಿವಳಿಕೆ. ಸಾಫ್ಟ್‌ವೇರ್ ತಾನಾಗಿ ದಿನಕ್ಕೆ ಇಪ್ಪತ್ತು ಹೊಸ ಚೀಟಿ ಕೊಡುತ್ತದೆ. ಪಾಳಿಯ ಕೆಲಸದವರಿಗೆ ಅದು ಹೆಚ್ಚು, ಏಕೆಂದರೆ ಹಳೆಯ ಚೀಟಿಗಳೂ ಜೊತೆಗೆ ಬರುತ್ತವೆ. ರಾತ್ರಿ ಪಾಳಿಯ ವಾರದಲ್ಲಿ ಎರಡು ದಿನ ತಪ್ಪಿದರೆ ಬಾಕಿ ನೂರು ದಾಟಿ, ತೆರೆಯುವ ಮನಸ್ಸೇ ಹೋಗುತ್ತದೆ. ಎಂಟಕ್ಕೆ ಇಳಿಸಿಕೊಳ್ಳಿ.

ಬೇರೆಯವರು ಮಾಡಿಟ್ಟ ಚೀಟಿಗಳ ಕಟ್ಟನ್ನು ಇಳಿಸಿಕೊಳ್ಳಬೇಡಿ. ನಿಮ್ಮದನ್ನು ನೀವೇ ಮಾಡಿಕೊಳ್ಳಿ, ಒಂಟಿ ಪದಗಳನ್ನು ಬಿಟ್ಟು ಪೂರ್ತಿ ವಾಕ್ಯಗಳನ್ನು ಹಾಕಿ, ಮುಂದಿನ ಬದಿಯಲ್ಲಿ ಕನ್ನಡವನ್ನೇ ಬರೆಯಿರಿ. ಹೆಚ್ಚಿನ ಸಾಫ್ಟ್‌ವೇರ್‌ಗಳು ಇಂಗ್ಲಿಷಿನ ಮೂಲಕ ಕಲಿಸುವುದರಿಂದ ನಾವೂ ಇಂಗ್ಲಿಷಿನಲ್ಲಿ ಯೋಚಿಸಿ ಜರ್ಮನ್‌ಗೆ ಹೋಗುತ್ತೇವೆ, ಅಲ್ಲಿ ದಾರಿ ಸುತ್ತಾಗುತ್ತದೆ. ರೋಗಿಯೊಬ್ಬರು ‘ಮಿಯರ್ ಇಸ್ಟ್ ಕಾಲ್ಟ್’ ಎಂದರೆ ಅದು ‘ನನಗೆ ಚಳಿಯಾಗುತ್ತಿದೆ’ ಎಂಬ ನಮ್ಮ ವಾಕ್ಯದಂತೆಯೇ ಇದೆ. ‘ಮಿಯರ್’ ಎಂದರೆ ‘ನನಗೆ’. ತಲೆ ಸುತ್ತುವುದಕ್ಕೂ ವಾಕರಿಕೆಗೂ ಅದೇ ‘ಮಿಯರ್ ಇಸ್ಟ್’ ಬರುತ್ತದೆ. ಇಂಗ್ಲಿಷಿನವರು ಇಲ್ಲಿ ‘ನಾನು’ ಎಂದು ಶುರುಮಾಡಲು ಹೋಗಿ ಎಡವುತ್ತಾರೆ, ನಿಮಗೆ ಎಡವುವ ಕಾರಣವಿಲ್ಲ. ‘ಇಷ್ ಗೇಬೆ ಡೇಮ್ ಪಾಟ್ಸಿಯೆಂಟೆನ್ ಡೀ ಟಾಬ್ಲೆಟೆ’, ಅಂದರೆ ‘ನಾನು ರೋಗಿಗೆ ಮಾತ್ರೆ ಕೊಡುತ್ತೇನೆ’ ಎಂಬುದರಲ್ಲಿ ‘ಡೇಮ್’ ಬಂದದ್ದು ನಮ್ಮ ‘ಗೆ’ ಪ್ರತ್ಯಯದ ಕೆಲಸ ಮಾಡುವುದಕ್ಕೆ. ಎಂಟನೆಯ ತರಗತಿಯಲ್ಲಿ ಬಾಯಿಪಾಠ ಮಾಡಿದ ಚತುರ್ಥಿ ವಿಭಕ್ತಿ ಹೀಗೆ ಉಪಯೋಗಕ್ಕೆ ಬರುತ್ತದೆ ಎಂದು ಯಾರೂ ಹೇಳಿರಲಾರರು.

ಜರ್ಮನ್‌ನಲ್ಲಿ ಕನ್ನಡ ನೆರವಿಗೆ ಬಾರದ ಜಾಗವೆಂದರೆ ಲಿಂಗ. ಅಲ್ಲಿ ಕುರ್ಚಿ ಪುಲ್ಲಿಂಗ, ಬಾಗಿಲು ಸ್ತ್ರೀಲಿಂಗ, ಪುಸ್ತಕ ನಪುಂಸಕಲಿಂಗ. ‘ಡೇರ್, ಡೀ, ಡಾಸ್’ ಎಂಬ ಮೂರು ಪದಗಳಲ್ಲಿ ಒಂದನ್ನು ಪ್ರತಿ ನಾಮಪದಕ್ಕೂ ಮುಂಚೆ ಸೇರಿಸಿಯೇ ಕಲಿಯಬೇಕು. ನಿಮ್ಮದು ಬೆಳಗಾವಿ, ಓಣಿಯಲ್ಲಿ ಮರಾಠಿ ಕಿವಿಗೆ ಬಿದ್ದಿರುತ್ತದೆ. ಮರಾಠಿಯಲ್ಲಿ ದರವಾಜಾ ‘ತೋ’, ಖುರ್ಚಿ ‘ತೀ’, ಪುಸ್ತಕ ‘ತೇ’. ಯಾವ ವಸ್ತುವಿಗೆ ಯಾವ ಲಿಂಗ ಎಂಬುದು ಎರಡು ಭಾಷೆಗಳಲ್ಲಿ ಯಾವಾಗಲೂ ಹೊಂದುವುದಿಲ್ಲ, ಆದರೆ ನಿರ್ಜೀವ ವಸ್ತುವಿಗೂ ಲಿಂಗವನ್ನು ಅಂಟಿಸಿಕೊಂಡೇ ನೆನಪಿಡುವ ಅಭ್ಯಾಸ ನಿಮಗೆ ಹೊಸದಲ್ಲ. ಚೀಟಿಯಲ್ಲಿ ‘ಟ್ಯೂರ್’ ಎಂದಷ್ಟೇ ಬರೆಯದೆ ‘ಡೀ ಟ್ಯೂರ್’ ಎಂದೇ ಬರೆಯಿರಿ.

ಚೀಟಿ ತೆರೆದಾಗ ಉತ್ತರವನ್ನು ಗಟ್ಟಿಯಾಗಿ ಹೇಳಿ, ಆಮೇಲೆ ತಿರುಗಿಸಿ. ಮನಸ್ಸಿನಲ್ಲಿ ಹೇಳಿಕೊಂಡದ್ದಕ್ಕೆ ಸರಿ ಎಂದು ಗುರುತು ಹಾಕಬೇಡಿ. ಉಚ್ಚಾರಣೆಯನ್ನು ಪರೀಕ್ಷಿಸಲು ಫೋನಿನ ಕೀಬೋರ್ಡಿಗೆ ಜರ್ಮನ್ ಸೇರಿಸಿ ಮೈಕ್ ಒತ್ತಿ ಮಾತನಾಡಿ. ನೀವು ಹೇಳಿದ್ದೇ ಅಕ್ಷರಗಳಾಗಿ ಮೂಡಿದರೆ ಕೇಳುವವರಿಗೂ ತಿಳಿಯುತ್ತದೆ, ಬೇರೇನೋ ಮೂಡಿದರೆ ಯಾವ ಶಬ್ದ ಕೆಟ್ಟಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಚಾಟ್‌ಜಿಪಿಟಿಯಂತಹ ಎಐ ಸಾಧನಗಳೊಂದಿಗೆ ಧ್ವನಿಯಲ್ಲಿ ಮಾತನಾಡುವುದೂ ಒಳ್ಳೆಯದೇ. ನೀನು ವೃದ್ಧ ರೋಗಿ, ನಾನು ನರ್ಸ್, ಚಿಕ್ಕ ವಾಕ್ಯಗಳಲ್ಲಿ ಮಾತನಾಡು, ನನ್ನ ತಪ್ಪುಗಳಲ್ಲಿ ದೊಡ್ಡದೊಂದನ್ನು ಮಾತ್ರ ತಿದ್ದು ಎಂದು ಮೊದಲೇ ಹೇಳಿಕೊಳ್ಳಿ. ಹಾಗೆ ಹೇಳದಿದ್ದರೆ ಅದು ಪ್ರತಿ ಮಾತಿಗೂ ಒಂದು ಪುಟ ವ್ಯಾಕರಣ ಸುರಿಯುತ್ತದೆ. ವ್ಯಾಕರಣದ ವಿವರಣೆಗಳಲ್ಲಿ ಅದು ತಪ್ಪುವುದೂ ಉಂಟು; ಸಂಶಯ ಬಂದಾಗ ಪುಸ್ತಕವನ್ನೇ ನೋಡಿ.

ಇನ್ನು ಕ್ಲಾಸಿನ ವಿಚಾರ. ಯುರೋಪಿನ ಭಾಷಾ ಮಟ್ಟಗಳು ಎ1ರಿಂದ ಸಿ2ವರೆಗೆ ಆರು. ಜರ್ಮನಿಯಲ್ಲಿ ನರ್ಸ್ ಆಗಿ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ನಾಲ್ಕನೆಯದಾದ ಬಿ2 ಕೇಳುತ್ತಾರೆ. ಬೆಂಗಳೂರು ಮತ್ತು ಪುಣೆಯಲ್ಲಿ ಮ್ಯಾಕ್ಸ್ ಮುಲ್ಲರ್ ಭವನ ಎಂಬ ಹೆಸರಿನಲ್ಲಿರುವ ಗೋಥೆ ಸಂಸ್ಥೆಯ ಪರೀಕ್ಷೆಯಲ್ಲಿ ಓದುವುದು, ಕೇಳುವುದು, ಬರೆಯುವುದು, ಮಾತನಾಡುವುದು ಎಂಬ ನಾಲ್ಕೂ ಇರುತ್ತವೆ. ಬಿ1 ಮತ್ತು ಬಿ2ಗಳಲ್ಲಿ ಈ ನಾಲ್ಕನ್ನು ಬೇರೆ ಬೇರೆಯಾಗಿಯೂ ಬರೆಯಬಹುದು, ಪ್ರತಿಯೊಂದರಲ್ಲಿಯೂ ನೂರಕ್ಕೆ 60 ಬೇಕು. ಬಿ2ರ ಮಾತಿನ ಭಾಗದಲ್ಲಿ ಒಂದು ವಿಷಯದ ಮೇಲೆ ಚಿಕ್ಕ ಭಾಷಣ ಮಾಡಿ, ಜೊತೆಗಿರುವ ಅಭ್ಯರ್ಥಿಯೊಂದಿಗೆ ಚರ್ಚೆಯನ್ನೂ ಮಾಡಬೇಕು. ನನ್ನ ಸಲಹೆ ಇಷ್ಟು: ಎ1, ಎ2 ಮನೆಯಲ್ಲಿ ಸಾಫ್ಟ್‌ವೇರ್‌ನಿಂದಲೇ ಆಗುತ್ತವೆ, ಕೆಲಸದ ಜೊತೆಗೇ ಮಾಡಿ, ಜರ್ಮನಿಯ ಸಾರ್ವಜನಿಕ ಪ್ರಸಾರ ಸಂಸ್ಥೆ ಡಾಯ್ಚ ವೆಲೆಯ ಉಚಿತ ವಿಡಿಯೊ ಪಾಠಗಳು ಬಿ1ವರೆಗೂ ಜೊತೆಗೆ ಬರುತ್ತವೆ. ಬಿ1 ಶುರುವಾದ ಕೂಡಲೇ ವಾರಕ್ಕೆ ಎರಡು ಸಲವಾದರೂ ಆನ್‌ಲೈನ್‌ನಲ್ಲಿ ಶಿಕ್ಷಕರೊಬ್ಬರ ಎದುರು ಮಾತನಾಡಿ, ಏಕೆಂದರೆ ಬರೆದ ಪತ್ರವನ್ನು ತಿದ್ದುವುದಕ್ಕೂ ಚರ್ಚೆಯಲ್ಲಿ ಎದುರುತ್ತರ ಕೊಡುವುದಕ್ಕೂ ಮನುಷ್ಯರೇ ಬೇಕು. ಕೆಲಸ ಬಿಟ್ಟು ಹೋಗುವ ಯೋಚನೆಯನ್ನು ಬಿ2 ತಯಾರಿಗೆ ಕಾಯ್ದಿಡಿ. ಪರಿಚಯ ಕೇಳಿದ ಆ ಏಜೆನ್ಸಿಯವರಿಗೆ ಬಿ1 ಆಗುವ ತನಕ ಒಂದು ರೂಪಾಯಿಯನ್ನೂ ಮುಂಗಡ ಕೊಡಬೇಡಿ ಎಂಬುದನ್ನು ನೀವು ಕೇಳದಿದ್ದರೂ ಹೇಳುತ್ತೇನೆ.

ಪ್ರಶ್ನೆ: ನಾನು ಬಾದಾಮಿಯಲ್ಲಿ ಗೈಡ್. ಇಂಗ್ಲಿಷ್ ಮಾತನಾಡುತ್ತೇನೆ. ಚಳಿಗಾಲದಲ್ಲಿ ಬರುವ ಫ್ರೆಂಚ್ ಪ್ರವಾಸಿಗರಿಗಾಗಿ ಫ್ರೆಂಚ್ ಕಲಿಯೋಣವೆಂದು ಕಂಪ್ಯೂಟರಿನಲ್ಲಿ ಒಂದು ಕೋರ್ಸ್ ಶುರುಮಾಡಿದೆ. ತಿಂಗಳಾದರೂ ಬೆಕ್ಕು ಹಾಲು ಕುಡಿಯುತ್ತಿದೆ, ಹುಡುಗಿ ಸೇಬು ತಿನ್ನುತ್ತಿದ್ದಾಳೆ ಎಂಬುದರಲ್ಲೇ ಇದ್ದೇನೆ. ಗುಹೆ, ಶಿಲ್ಪ, ಶಾಸನ ಯಾವಾಗ ಬರುತ್ತವೆ?

ಉತ್ತರ: ಬರುವುದೇ ಇಲ್ಲ. ಪ್ರಪಂಚದ ಎಲ್ಲರಿಗಾಗಿ ಮಾಡಿದ ಕೋರ್ಸಿಗೆ ಬಾದಾಮಿ ಗೊತ್ತಿಲ್ಲ. ಹಾಗೆಂದು ಬೆಕ್ಕು ಸೇಬುಗಳನ್ನು ಪೂರ್ತಿ ಬಿಡಬೇಡಿ. ಫ್ರೆಂಚಿನ ಶಬ್ದಗಳಿಗೆ ಕಿವಿ ಒಗ್ಗಲು ಇನ್ನೂ ಒಂದೆರಡು ತಿಂಗಳು ಅವು ಬೇಕು. ಅದರ ಜೊತೆಗೆ ನಿಮ್ಮ ಪಾಠವನ್ನು ನೀವೇ ಬರೆದುಕೊಳ್ಳಿ. ಮೊದಲ ಗುಹೆಯ ಎದುರು ನಿಂತು ಪ್ರತಿದಿನ ನೀವು ಹೇಳುವ ಮಾತುಗಳನ್ನು ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಾಗಿ ಒಡೆಯಿರಿ, ಅನುವಾದ ಸಾಧನದಲ್ಲಿ ಫ್ರೆಂಚ್ ಮಾಡಿ, ಆ ಫ್ರೆಂಚನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ನೋಡಿ. ಅರ್ಥ ಕೆಟ್ಟಿದ್ದರೆ ವಾಕ್ಯವನ್ನು ಇನ್ನೂ ಸರಳಗೊಳಿಸಿ. ಮೂವತ್ತು ವಾಕ್ಯಗಳಿದ್ದರೆ ಒಂದು ಗುಹೆ ಮುಗಿಯುತ್ತದೆ. ಅವನ್ನು ಫೋನು ಫ್ರೆಂಚ್ ಧ್ವನಿಯಲ್ಲಿ ಓದುವಂತೆ ಮಾಡಿ, ಅದರ ಹಿಂದೆಯೇ ಅದೇ ವೇಗದಲ್ಲಿ ನೀವು ಹೇಳುತ್ತ ಹೋಗಿ, ನಿಮ್ಮ ಧ್ವನಿಯನ್ನು ಮುದ್ರಿಸಿ ಎರಡನ್ನೂ ಹೋಲಿಸಿ ಕೇಳಿ. ಅಕ್ಷರವನ್ನು ನಂಬಿ ಓದಿದರೆ ಫ್ರೆಂಚ್ ಕೈಕೊಡುತ್ತದೆ. ನಿಮ್ಮ ಗುಹೆಗಳ ಮರಳುಗಲ್ಲಿಗೆ ಅಲ್ಲಿ ‘ಗ್ರೆ’ ಎನ್ನುತ್ತಾರೆ. ಬರವಣಿಗೆಯಲ್ಲಿ ಕೊನೆಗೆ ಎಸ್ ಇದೆ, ಬಾಯಲ್ಲಿ ಇಲ್ಲ. ಬರೆದ ಪ್ರತಿ ಅಕ್ಷರವನ್ನೂ ಉಚ್ಚರಿಸಿ ಬೆಳೆದ ನಮಗೆ ಇದು ರೂಢಿಯಾಗಲು ಸಮಯ ಹಿಡಿಯುತ್ತದೆ.

ಗೈಡ್‌ಗಳಿಗೆ ನಿಜವಾದ ತೊಡಕು ಅಂಕಿಗಳಲ್ಲಿದೆ, ಅದನ್ನು ಸಾಫ್ಟ್‌ವೇರ್‌ಗಳು ಬಹಳ ತಡವಾಗಿ, ಅದೂ ಸ್ವಲ್ಪವೇ ಕಲಿಸುತ್ತವೆ. ಮೂರನೆಯ ಗುಹೆಯ ಮಂಗಳೇಶನ ಶಾಸನ 578ರದು. ಫ್ರಾನ್ಸಿನವರು 70ಕ್ಕೆ ‘ಅರವತ್ತು ಹತ್ತು’ ಎಂದೂ 80ಕ್ಕೆ ‘ನಾಲ್ಕು ಇಪ್ಪತ್ತು’ ಎಂದೂ ಹೇಳುವುದರಿಂದ 578 ಎಂಬುದು ಅವರ ಬಾಯಲ್ಲಿ ‘ಐನೂರು ಅರವತ್ತು ಹದಿನೆಂಟು’ ಆಗುತ್ತದೆ. ಪಟ್ಟದಕಲ್ಲು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ 1987 ‘ಸಾವಿರದ ಒಂಬೈನೂರು ನಾಲ್ಕು ಇಪ್ಪತ್ತು ಏಳು’ ಆಗುತ್ತದೆ. ಪ್ರವಾಸಿಗರ ಎದುರು ನಿಂತು ಇದನ್ನು ಮನಸ್ಸಿನಲ್ಲಿ ಕೂಡಿಸುತ್ತ ಹೋದರೆ ಮಾತಿನ ಓಟವೇ ನಿಂತುಬಿಡುತ್ತದೆ. ಆದ್ದರಿಂದ ನಿಮಗೆ ಬೇಕಾದ ಇಪ್ಪತ್ತು ಮೂವತ್ತು ಇಸವಿಗಳನ್ನು, ಎತ್ತರ ಅಗಲಗಳನ್ನು ಒಂದೊಂದನ್ನೂ ಇಡಿಯಾದ ಒಂದೇ ಪದವೆಂಬಂತೆ ಬಾಯಿಪಾಠ ಮಾಡಿ. ಮೊದಲ ಗುಹೆಯ ನಟರಾಜನ ಹದಿನೆಂಟು ಕೈಗಳಿಂದ ಶುರುಮಾಡಿದರೆ 578ರ ಬಾಲವೂ ಅಲ್ಲೇ ಸಿಗುತ್ತದೆ. ಬೆಲ್ಜಿಯಂ ಮತ್ತು ಸ್ವಿಟ್ಜರ್ಲೆಂಡಿನ ಫ್ರೆಂಚ್ ಭಾಷಿಕರಲ್ಲಿ 70ಕ್ಕೂ 90ಕ್ಕೂ ನೇರವಾದ ಪದಗಳಿವೆ. ಅವರು ನಿಮ್ಮ ಲೆಕ್ಕ ಕೇಳಿ ನಕ್ಕರೆ ಬೇಸರ ಪಡಬೇಡಿ.

ಮತ್ತೊಂದು ಮಾತು. ಆ್ಯಪ್‌ಗಳಲ್ಲಿ ‘ತ್ಯು’ ಎಂಬ ಏಕವಚನ ಬಹಳ ಬರುತ್ತದೆ. ಪ್ರವಾಸಿಗರನ್ನು ‘ವೂ’ ಎಂದೇ, ಅಂದರೆ ‘ನೀವು’ ಎಂದೇ ಮಾತನಾಡಿಸಿ. ಹೇಳುವುದು ಬಂದ ಮೇಲೆ ಅವರು ಕೇಳುವ ಪ್ರಶ್ನೆ ತಿಳಿಯಬೇಕು, ಅದಕ್ಕೆ ಫ್ರಾನ್ಸಿನ ಅಂತರರಾಷ್ಟ್ರೀಯ ರೇಡಿಯೊ ಆರ್‌ಎಫ್‌ಐ ಸರಳ ಫ್ರೆಂಚಿನಲ್ಲಿ ಕೊಡುವ ವಾರ್ತೆಗಳನ್ನು ಕೇಳುತ್ತಿರಿ.

ಪ್ರಶ್ನೆ: ಗೋಕಾಕದ ಕಾಲೇಜು ವಿದ್ಯಾರ್ಥಿ ನಾನು. ಏಳು ದಿನ ಉಚಿತ ಎಂದು ಕೊರಿಯನ್ ಕಲಿಸುವ ಆ್ಯಪ್ ಒಂದನ್ನು ಹಾಕಿಕೊಂಡೆ, ಹಿಡಿಸದೆ ತೆಗೆದುಹಾಕಿದೆ. ಆದರೂ ಒಂದು ವರ್ಷದ ಹಣ ಖಾತೆಯಿಂದ ಹೋಯಿತು. ಹಣ ಕೊಟ್ಟ ಆ್ಯಪ್‌ಗಳೇ ಉತ್ತಮವೇ?

ಉತ್ತರ: ಫೋನಿನಿಂದ ಆ್ಯಪ್ ತೆಗೆದುಹಾಕಿದರೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರಿನಲ್ಲಿ ಸಬ್‌ಸ್ಕ್ರಿಪ್ಶನ್ ಎಂಬ ವಿಭಾಗಕ್ಕೆ ಹೋಗಿ ರದ್ದು ಮಾಡಬೇಕು. ಯುಪಿಐ ಮೂಲಕ ಒಪ್ಪಿಗೆ ಕೊಟ್ಟಿದ್ದರೆ ನಿಮ್ಮ ಯುಪಿಐ ಆ್ಯಪ್‌ನ ಆಟೋಪೇ ವಿಭಾಗದಲ್ಲಿಯೂ ನೋಡಿ. ಹಣ ಕಡಿತವಾಗುವ ಮುಂಚೆ ಬ್ಯಾಂಕಿನಿಂದ ಬರುವ ಸಂದೇಶವನ್ನು ಜಾಹೀರಾತೆಂದು ಅಳಿಸಬೇಡಿ. ಈಗಲೇ ಮರುಪಾವತಿಗೆ ಅರ್ಜಿ ಹಾಕಿ. ತಡವಾದಷ್ಟೂ ಸಿಗುವ ಸಾಧ್ಯತೆ ಕಡಿಮೆ. ಹಣದ ಆ್ಯಪ್‌ಗಳಲ್ಲಿ ಹೆಚ್ಚಾಗಿ ಸಿಗುವುದು ಜಾಹೀರಾತಿನಿಂದ ಬಿಡುಗಡೆ ಮತ್ತು ತಪ್ಪಿದಾಗ ಕಾಯಬೇಕಿಲ್ಲದ ಅನುಕೂಲ. ಕೊರಿಯನ್ ಲಿಪಿ ಹಂಗುಲ್ ಕಲಿಯುವುದಕ್ಕಂತೂ ಯಾರಿಗೂ ಹಣ ಕೊಡಬೇಕಾಗಿಲ್ಲ. ಅದರಲ್ಲಿ ಮೂಲ ಅಕ್ಷರಗಳು 24, ವ್ಯಂಜನಕ್ಕೆ ಸ್ವರ ಸೇರಿಸಿ ಒಂದು ಮನೆ ಕಟ್ಟುವ ಕ್ರಮ ಗುಣಿತಾಕ್ಷರ ಬರೆದ ಕೈಗೆ ಬೇಗ ಹಿಡಿಯುತ್ತದೆ. ಅದನ್ನು ಕಲಿತ ಮೇಲೂ ಆಸಕ್ತಿ ಉಳಿದಿದ್ದರೆ ಒಂದು ತಿಂಗಳಿಗಷ್ಟೇ ಹಣ ಕಟ್ಟಿ ನೋಡಿ.

ಪ್ರಶ್ನೆ: ಸಿಂದಗಿ ತಾಲ್ಲೂಕಿನವನು, ದುಬೈನಲ್ಲಿ ಚಾಲಕನ ಕೆಲಸಕ್ಕೆ ಹೊರಟಿದ್ದೇನೆ. ಮನೆಯಲ್ಲಿ ಉರ್ದು ಮಾತನಾಡುತ್ತೇವೆ, ಓದಲೂ ಬರುತ್ತದೆ. ಮೊಬೈಲಿನಲ್ಲಿ ಅರಬ್ಬಿ ಕಲಿಯುತ್ತಿದ್ದೇನೆ. ಈಗಾಗಲೇ ಅಲ್ಲಿರುವ ನನ್ನ ಅಣ್ಣ, ನೀನು ಕಲಿಯುವ ಅರಬ್ಬಿಯನ್ನು ಇಲ್ಲಿ ಯಾರೂ ಮಾತನಾಡುವುದಿಲ್ಲ ಎನ್ನುತ್ತಾನೆ. ನಿಜವೇ?

ಉತ್ತರ: ನಿಮ್ಮ ಅಣ್ಣನವರ ಮಾತಿನಲ್ಲಿ ಬಹುಪಾಲು ನಿಜವಿದೆ. ಹೆಚ್ಚಿನ ಸಾಫ್ಟ್‌ವೇರ್‌ಗಳು ಕಲಿಸುವುದು ಪತ್ರಿಕೆ, ವಾರ್ತೆ, ಕಚೇರಿ ಕಾಗದಗಳಲ್ಲಿ ಬಳಕೆಯಾಗುವ ಗ್ರಾಂಥಿಕ ಅರಬ್ಬಿಯನ್ನು. ಬೀದಿಯಲ್ಲಿ ಆಡುವುದು ಕೊಲ್ಲಿಯ ಆಡುನುಡಿ. ‘ಈಗ’ ಎನ್ನಲು ಪುಸ್ತಕದಲ್ಲಿ ‘ಅಲ್-ಆನ್’ ಎಂದಿದ್ದರೆ ಅಲ್ಲಿನವರು ‘ಅಲ್-ಹೀನ್’ ಎನ್ನುತ್ತಾರೆ. ನೀರು ‘ಮಾಯ್’ ಆಗುತ್ತದೆ. ವಿಜಯಪುರದ ಸಂತೆಯಲ್ಲಿ ಯಾರಾದರೂ ಹಳಗನ್ನಡದಲ್ಲಿ ಮೆಣಸಿನಕಾಯಿಯ ದರ ಕೇಳಿದಷ್ಟು ವಿಚಿತ್ರವಲ್ಲದಿದ್ದರೂ ಗ್ರಾಂಥಿಕ ಅರಬ್ಬಿ ಅಲ್ಲಿ ಕೃತಕವಾಗಿ ಕೇಳಿಸುತ್ತದೆ, ಅವರಿಗೆ ನಿಮ್ಮ ಮಾತು ತಿಳಿದರೂ ಅವರ ಉತ್ತರ ನಿಮಗೆ ತಿಳಿಯುವುದಿಲ್ಲ.

ಆದರೂ ಚಾಲಕರಿಗೆ ಗ್ರಾಂಥಿಕ ರೂಪ ಪೂರ್ತಿ ನಿರುಪಯೋಗಿ ಎನ್ನಲಾರೆ. ಫಲಕಗಳು, ಸರ್ಕಾರಿ ಸೂಚನೆಗಳು, ಒಪ್ಪಂದದ ಕಾಗದ ಎಲ್ಲವೂ ಅದರಲ್ಲೇ ಇರುತ್ತವೆ. ಉರ್ದು ಓದುವ ನಿಮಗೆ ಅರಬ್ಬಿಯ 28 ಅಕ್ಷರಗಳೂ ಪರಿಚಿತ. ಉರ್ದು ಬರವಣಿಗೆಯ ನಸ್ತಲೀಖ್ ಶೈಲಿಗೆ ಒಗ್ಗಿದ ಕಣ್ಣು ಅರಬ್ಬಿಯ ನಸ್ಖ್ ಶೈಲಿಗೆ ಕೆಲವೇ ದಿನಗಳಲ್ಲಿ ಒಗ್ಗುತ್ತದೆ. ಆದ್ದರಿಂದ ಅಕ್ಷರಮಾಲೆಯ ಪಾಠಗಳನ್ನೆಲ್ಲ ಹಾರಿಸಿ, ಅಂಕಿಗಳು, ದಿಕ್ಕುಗಳು, ಸಮಯ ಇಷ್ಟನ್ನು ಆ್ಯಪ್‌ನಿಂದ ಕಲಿಯಿರಿ. ಉಳಿದದ್ದಕ್ಕೆ ಕೊಲ್ಲಿಯ ಅರಬ್ಬಿ ಎಂದೇ ಸ್ಪಷ್ಟವಾಗಿ ಹೇಳಿಕೊಂಡ ಪಾಠಗಳನ್ನು ಹುಡುಕಿ. ಈಜಿಪ್ಟಿನ ಅಥವಾ ಸಿರಿಯಾದ ಆಡುನುಡಿಯ ಪಾಠಗಳೇ ಮೊದಲು ಸಿಗುತ್ತವೆ, ನೋಡಿಕೊಂಡು ಆರಿಸಿ. ಎಲ್ಲಕ್ಕಿಂತ ಒಳ್ಳೆಯ ಸಾಫ್ಟ್‌ವೇರ್ ನಿಮ್ಮ ಅಣ್ಣನೇ. ಗಾಡಿಯಲ್ಲಿ ದಿನವೂ ಕೇಳುವ ಮಾತುಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶಗಳಾಗಿ ಕಳಿಸಲು ಹೇಳಿ, ಅವನ್ನು ಮೇಲೆ ಹೇಳಿದ ಆ್ಯಂಕಿ ಚೀಟಿಗಳಿಗೆ ಸೇರಿಸಿ.

ಪ್ರಶ್ನೆ: ನಾನು ವಿಜಯಪುರದಲ್ಲಿ ಪ್ರೌಢಶಾಲೆಯ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ಮಗ ಜಪಾನಿನಲ್ಲಿದ್ದಾನೆ, ಸೊಸೆ ಅಲ್ಲಿಯವಳೇ. ಬೀಗರು ವಿಡಿಯೊ ಕರೆಯಲ್ಲಿ ಬಂದಾಗ ಕೈ ಮುಗಿದು ನಗುವುದನ್ನು ಬಿಟ್ಟು ಮತ್ತೇನೂ ಆಗುವುದಿಲ್ಲ. ಈ ವಯಸ್ಸಿನಲ್ಲಿ ಮೊಬೈಲ್ ನೋಡಿ ಜಪಾನಿ ಕಲಿಯಬಹುದೇ? ಅದು ಜಗತ್ತಿನ ಅತಿ ಕಷ್ಟದ ಭಾಷೆಗಳಲ್ಲಿ ಒಂದು ಎಂದು ಎಲ್ಲೆಡೆ ಓದಿದ್ದೇನೆ.

ಉತ್ತರ: ಆ ಮಾತು ಇಂಗ್ಲಿಷಿನವರದು. ಅಮೆರಿಕದ ವಿದೇಶಾಂಗ ಸೇವೆಯ ತರಬೇತಿ ಸಂಸ್ಥೆ ತನ್ನ ಅಧಿಕಾರಿಗಳಿಗೆ ಜಪಾನಿ ಕಲಿಸಲು ಸುಮಾರು 2,200 ತರಗತಿ ಗಂಟೆಗಳ ಲೆಕ್ಕ ಹಾಕುತ್ತದೆ, ಅದು ಇಂಗ್ಲಿಷ್ ಮಾತೃಭಾಷೆಯವರಿಗಾಗಿ ಹಾಕಿದ ಲೆಕ್ಕ. ಕನ್ನಡದವರಿಗೆ ಲಿಪಿಯ ಕಷ್ಟ ಅಷ್ಟೇ ಇದೆ, ವಾಕ್ಯದ ಕಷ್ಟ ಬಹಳ ಕಡಿಮೆ.

‘ನಾನು ನಾಳೆ ವಿಜಯಪುರಕ್ಕೆ ಹೋಗುತ್ತೇನೆ’ ಎಂಬುದನ್ನು ಜಪಾನಿಯಲ್ಲಿ ‘ವತಾಶಿ ವಾ ಅಶಿತಾ ವಿಜಯಪುರ ನಿ ಇಕಿಮಾಸು’ ಎನ್ನಬಹುದು. ಪದಗಳನ್ನು ಒಂದರ ಕೆಳಗೆ ಒಂದು ಬರೆದು ನೋಡಿ: ಕ್ರಿಯಾಪದ ಕೊನೆಗೆ, ‘ಕ್ಕೆ’ ಇರುವ ಜಾಗದಲ್ಲಿ ‘ನಿ’. ಬೇರೆಯವರ ಮಾತನ್ನು ಹೇಳುವಾಗ ನಾವು ‘ಎಂದು’ ಸೇರಿಸುವಲ್ಲಿ ಅವರು ‘ತೋ’ ಸೇರಿಸುತ್ತಾರೆ. ನೀವು ಶೇಂಗಾ ಹೋಳಿಗೆ ಮುಂದಿಟ್ಟು ‘ತಿಂದು ನೋಡಿ’ ಎಂದರೆ ಅವರಲ್ಲಿ ‘ತಬೆತೆ ಮಿತೆ ಕುದಸಾಯ್’. ತಿನ್ನುವುದಕ್ಕೆ ನೋಡುವುದನ್ನು ಸೇರಿಸುವ ಈ ಕ್ರಮ ಇಂಗ್ಲಿಷಿನಲ್ಲಿ ಇಲ್ಲ, ಹಾಗಾಗಿ ಇಂಗ್ಲಿಷ್ ಮೂಲಕ ಕಲಿಸುವ ಸಾಫ್ಟ್‌ವೇರ್ ಇದಕ್ಕಾಗಿ ಒಂದು ಪಾಠವನ್ನೇ ಮೀಸಲಿಡುತ್ತದೆ. ಕ್ರಿಯಾಪದ ನಾನು, ನೀನು, ಅವನು, ಅವಳು ಎಂದು ಬದಲಾಗುವುದಿಲ್ಲವಾದ್ದರಿಂದ ಆ ಮಟ್ಟಿಗೆ ಕನ್ನಡಕ್ಕಿಂತಲೂ ಸುಲಭ. ಕನ್ನಡ ವ್ಯಾಕರಣ ಕಲಿಸಿದವರಾದರೆ ನಿಮಗೆ ಇದೆಲ್ಲ ಹೆಸರು ಹಿಡಿದೇ ಗೊತ್ತಾಗುತ್ತದೆ.

ಉಚ್ಚಾರಣೆಯಲ್ಲಿಯೂ ಹಾಗೆಯೇ. ‘ಒಬಸಾನ್’ ಎಂದರೆ ಚಿಕ್ಕಮ್ಮ ಅಥವಾ ಅತ್ತೆ, ‘ಒಬಾಸಾನ್’ ಎಂದರೆ ಅಜ್ಜಿ. ‘ಕಿತೆ’ ಎಂದರೆ ಬಾ, ‘ಕಿತ್ತೆ’ ಎಂದರೆ ಅಂಚೆಚೀಟಿ. ಹ್ರಸ್ವ ದೀರ್ಘ, ಒತ್ತಕ್ಷರಗಳ ಈ ಭೇದವನ್ನು ರೋಮನ್ ಅಕ್ಷರಗಳಲ್ಲಿ ಬರೆದುಕೊಂಡರೆ ಕಳೆದುಕೊಳ್ಳುತ್ತೀರಿ. ಹಿರಗಾನ ಲಿಪಿ ಬರುವವರೆಗೆ ಕನ್ನಡ ಅಕ್ಷರಗಳಲ್ಲಿಯೇ ಬರೆದುಕೊಳ್ಳಿ, ಬಂದ ಮೇಲೆ ಕನ್ನಡವನ್ನೂ ಬಿಟ್ಟುಬಿಡಿ. ಹಿರಗಾನದ ಮೂಲ ಅಕ್ಷರಗಳು 46. ಅವುಗಳ ಕ್ರಮ ಅ, ಇ, ಉ, ಎ, ಒ ಎಂದು ಶುರುವಾಗಿ ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತದೆ. ನಮ್ಮ ವರ್ಣಮಾಲೆಯ ನೆರಳು ಕಂಡರೆ ಆಶ್ಚರ್ಯವಿಲ್ಲ: ಸಿದ್ಧಂ ಲಿಪಿಯಲ್ಲಿ ಸಂಸ್ಕೃತ ಓದಿದ ಬೌದ್ಧ ಭಿಕ್ಷುಗಳ ಮೂಲಕ ಆ ಕ್ರಮ ಅಲ್ಲಿಗೆ ಹೋಯಿತು. ‘ಪ’ ಇರಬೇಕಾದಲ್ಲಿ ‘ಹ’ ಏಕಿದೆ ಎಂದು ಕೇಳುತ್ತೀರಾದರೆ, ಹಿಂದೆ ಅಲ್ಲಿ ‘ಪ’ವೇ ಇತ್ತು. ನಮ್ಮ ‘ಪಾಲು’ ‘ಹಾಲು’ ಆದಂತೆ ಅವರಲ್ಲಿಯೂ ಆಗಿದೆ.

ಸಾಫ್ಟ್‌ವೇರ್‌ನಲ್ಲಿ ಜಪಾನ್ ಫೌಂಡೇಶನ್ ನಡೆಸುವ ಮಿನಾತೊ ಎಂಬ ಆನ್‌ಲೈನ್ ಪಾಠಶಾಲೆಯಿಂದ ಶುರುಮಾಡಿ, ಜೊತೆಗೆ ಎನ್‌ಎಚ್‌ಕೆ ವರ್ಲ್ಡ್ ಪ್ರಸಾರ ಸಂಸ್ಥೆಯ ಉಚಿತ ಪಾಠಗಳನ್ನು ಕೇಳಿ. ದಿನಕ್ಕೆ ಐದು ಹೊಸ ವಾಕ್ಯ ಸಾಕು, ಅಕ್ಷರದ ಗಾತ್ರವನ್ನು ದೊಡ್ಡದು ಮಾಡಿಕೊಳ್ಳಿ. ಜೆಎಲ್‌ಪಿಟಿ ಎಂಬ ಐದು ಹಂತಗಳ ಪರೀಕ್ಷೆಯ ಆ್ಯಪ್‌ಗಳು ನಿಮ್ಮ ಕಣ್ಣಿಗೆ ಬೀಳುತ್ತವೆ. ಆ ಪರೀಕ್ಷೆಯಲ್ಲಿ ಮಾತನಾಡುವ ಭಾಗವೇ ಇಲ್ಲ, ನಿಮಗೆ ಬೇಕಾದದ್ದು ಅದೊಂದೇ, ಆದ್ದರಿಂದ ಅತ್ತ ಹೋಗಬೇಡಿ.

ಆ್ಯಪ್‌ಗಳು ಒತ್ತಿ ಹೇಳದ ಒಂದು ಸಂಗತಿ ಬೀಗರ ಮುಂದೆ ಮುಖ್ಯವಾಗುತ್ತದೆ. ಅವರ ಮಗಳನ್ನು ‘ಮುಸುಮೆಸಾನ್’ ಎನ್ನಬೇಕು, ನಿಮ್ಮ ಮಗನನ್ನು ಬರೀ ‘ಮುಸುಕೊ’ ಎನ್ನಬೇಕು; ಹೊರಗಿನವರ ಎದುರು ತಮ್ಮ ಮನೆಯವರಿಗೆ ಅವರು ‘ಸಾನ್’ ಎಂಬ ಗೌರವಸೂಚಕವನ್ನು ಸೇರಿಸುವುದಿಲ್ಲ. ನಮ್ಮ ಕಡೆ ಗಂಡನ ಮಾತು ಬಂದಾಗ ‘ನಮ್ಮ ಮನೆಯವರು ಬಂದರ‍್ರೀ’ ಎಂದು ಬಹುವಚನ ಹಚ್ಚಿ ಹೇಳುವುದು ರೂಢಿ, ಅಲ್ಲಿ ಅದು ತಿರುಗುಮುರುಗು. ಪ್ರತಿ ಕರೆಗೂ ಮುಂಚೆ ಒಂದೇ ಒಂದು ಪ್ರಶ್ನೆಯನ್ನು ಸಿದ್ಧಮಾಡಿಕೊಳ್ಳಿ, ಜೊತೆಗೆ ‘ಮತ್ತೊಮ್ಮೆ ನಿಧಾನವಾಗಿ ಹೇಳಿ’ ಎಂಬ ವಾಕ್ಯವನ್ನು ಬಾಯಿಪಾಠ ಮಾಡಿ. ಉತ್ತರವನ್ನು ಸೊಸೆ ಬಿಡಿಸಿ ಹೇಳಿದಾಗ ಅದರಲ್ಲಿನ ಒಂದು ವಾಕ್ಯವನ್ನು ಮರುದಿನದ ಪಾಠ ಮಾಡಿಕೊಳ್ಳಿ.

ಕಾಂಜಿ ಎಂಬ ಚಿತ್ರಾಕ್ಷರಗಳಲ್ಲಿ ನಿತ್ಯ ಬಳಕೆಗೆಂದು ಅಲ್ಲಿನ ಸರ್ಕಾರ ಗೊತ್ತುಮಾಡಿದವು 2,136. ನೀವು ಸೊಸೆಯ ಹೆಸರು, ಬೀಗರ ಮನೆತನದ ಹೆಸರು, ಅವರ ಊರಿನ ಹೆಸರು ಇವುಗಳ ಕಾಂಜಿಗಳನ್ನು ಸೊಸೆಯಿಂದಲೇ ಬರೆಸಿಕೊಂಡು ಕಲಿಯಿರಿ. ಉಳಿದವು ಜಪಾನಿಗೆ ಹೋಗಿ ಅಂಗಡಿಯ ಫಲಕ ಓದಬೇಕೆನಿಸಿದಾಗ ನೋಡೋಣ.